ಒಳಗಿರುವವಳು

"ಅರೇ, ತೂ ತೋ ಅಂದರ್‌ಇಚ್ ಹೈ!" ಎಂದ ಕಾವಲುಗಾರ, ಕಟ್ಟಡ ಕೆಲಸದ ಗೇಟಿನ ಹೊರಗೆ ನಿಂತವಳಿಗೆ. ಅವಳು ಒಳಗೇ ಇದ್ದಾಳೆಂದು ಕಂಪ್ಯೂಟರ್ ಹೇಳುತ್ತಿತ್ತು.

ಅವಳ ಸೊಂಟದ ಮೇಲೆ ನೀರಿನ ಕೊಡ. "ಟ್ಯಾಂಕರ್ ನೀರಿಗಿ ಬಂದಿದ್ನೋ ಯಣ್ಣಾ. ಶೆಡ್ಡಿನ್ಯಾಗ ಕೂಸು ಅಳಾಕತ್ತೈತಿ, ಬಿಡು."

ಅಳು ಗೇಟಿನವರೆಗೂ ಕೇಳುತ್ತಿತ್ತು.

ಗೇಟಿನ ಕಂಪ್ಯೂಟರ್ ನೋಡಿಕೊಳ್ಳುವ ಆನಂದಕುಮಾರ ಅವಳ ಕಾರ್ಡ್ ಉಜ್ಜಿ ಪರದೆಗೆ ಬಗ್ಗಿದ. BASALING. ಏಳು ಗಂಟೆಗೆ ಒಳಗೆ. ಅದು ಇವಳ ಮೈದುನ ಬಸಲಿಂಗಪ್ಪ. ಇವಳು ಬಸಲಿಂಗಮ್ಮ.

ಕೂಲಿಯವರಿಗೆ ಒಬ್ಬೊಬ್ಬರಿಗೊಂದು ಫೈಲ್ ಮಾಡಿದವನು ಅವನೇ. ಗೇಟಿನ ಹಳೆಯ ಯಂತ್ರಕ್ಕೆ ಹಾಕುವ ಸಿ.ಡಿ.ಯಲ್ಲಿ ಫೈಲಿನ ಹೆಸರು ಎಂಟು ಇಂಗ್ಲಿಷ್ ಅಕ್ಷರ ಮೀರುವಂತಿರಲಿಲ್ಲ. ಮಿಕ್ಕದ್ದನ್ನು ಕತ್ತರಿಸಿದ್ದ. ಈ ಹೆಸರು ಆಗಲೇ ಇದೆ, ಹಳೆಯದನ್ನು ಅಳಿಸಲೇ? ಎಂದು ಯಂತ್ರ ಮತ್ತೆ ಮತ್ತೆ ಕೇಳಿತು. ಬೇಸತ್ತು ‘ಎಲ್ಲಕ್ಕೂ ಹೌದು’ ಒತ್ತಿ ಚಹಾಕ್ಕೆ ಹೋಗಿದ್ದ. ಹಾಗೆ ಅತ್ತಿಗೆಯ ಫೈಲ್ ಅಳಿದು ಮೈದುನನದೊಂದೇ ಉಳಿದಿತ್ತು.

ಮನೆದೇವರ ಹೆಸರನ್ನು ಮನೆಮಂದಿಗೆಲ್ಲ ಇಡುವ ಊರುಗಳು ಅವನಿಗೆ ಗೊತ್ತಿರಲಿಲ್ಲವೆ? ಅವಳ ಹಾಗೆ ಅವನದೂ ಯಾದಗಿರಿಯೇ.

"ಸಾಹೇಬ್ರ, ನಮ್ ಕಡ್ಯಾವ್ರು ಕಾಣ್ತೀರಿ. ಒಂದ್ ಮಾತ್ ಹೇಳ್ರಿ."

"ನಾಕು ತೆಲೀದಮ್ಮಾ," ಎಂದ. ಗೊತ್ತಿಲ್ಲ ಎನ್ನುವುದು, ಅಮೀರ್‌ಪೇಟೆಯ ಹಾಸ್ಟೆಲಿನಲ್ಲಿ, ಈ ನಗರಕ್ಕೆ ಬಂದ ಹೊಸತರಲ್ಲಿ, ಅವನು ಕಲಿತ ಮೊದಲ ತೆಲುಗು.

ಮ್ಯಾನೇಜರ್ ರಾಮದಾಸ ಪಕ್ಕಕ್ಕೆ ಕರೆದ. ಮೈಸೂರಿನವನು, ದನಿ ಏರಿಸುವವನಲ್ಲ.

"ಹನ್ನೊಂದಕ್ಕೆ ಬಿಲ್ಡರ್ ಬರ್ತಾರೆ. ಸಿಸ್ಟಮ್ ಸರಿಯಿದೆ. ಆಯಮ್ಮನ ಕಾರ್ಡ್ ಸರಿಯಿಲ್ಲ."

"ಸರ್, ಫೈಲ್ ಅಳಿಸಿದ್ದು ನಾನೇ..."

"ಹಾಗಂತ ಬರೆದುಕೊಡ್ತೀರಾ? ಮನೆಗೆ ಹೋಗ್ಬೇಕಾಗತ್ತೆ."

"ಕೂಸು ಐತ್ರಿ ಒಳಗ."

"ಅಬ್ಬಾ, ನಿಮ್ಮೂರ ಕನ್ನಡ ಬರತ್ತಲ್ಲ ನಿಮಗೆ!" ರಾಮದಾಸ ನಕ್ಕ. "ಬೆಳಿಗ್ಗೆ ಮುನ್ನೂರು ಜನ ಒಳಗೆ ಹೋದ್ರು ತಾನೆ?"

"ಹೋದ್ರು."

"ಮತ್ತೆ?"

ಆ ಗೇಟಿನ ಕಂಬಕ್ಕೆ ಕಲ್ಲು ಹೊತ್ತವಳು ಕಂಬದಾಚೆ ನಿಂತಿದ್ದಳು. ಕಾವಲುಗಾರನಿಗೂ ಅಳು ಸಹಿಸಲಾಗಿರಲಿಲ್ಲ. "ಛೋಡ್ ದೂಂ ಕ್ಯಾ, ಸಾಬ್?" ಬಿಟ್ಟುಬಿಡಲೇ ಎಂದು ಆನಂದಕುಮಾರನನ್ನೇ ಕೇಳಿದ.

ತಲೆಯಾಡಿಸಿದ್ದರೆ ಸಾಕಿತ್ತು.

"ಕಾರ್ಡ್ ಖರಾಬ್ ಹೈ," ಎಂದ ಆನಂದಕುಮಾರ.

ಆಗ ಒಳಗಿನ ಅಳು ಥಟ್ಟನೆ ನಿಂತಿತು.

ಬಸಲಿಂಗಮ್ಮ ಕೊಡ ಕೆಳಗಿಟ್ಟಳು. ಗೇಟಿನ ಸರಳು ಹಿಡಿದು, ಅರ್ಧ ಎದ್ದ ಕಟ್ಟಡದ ಕಡೆ ಮುಖ ಎತ್ತಿ ಕೂಗಿದಳು:

"ಬಸಲಿಂಗಮ್ಮಾ! ಏ ಬಸಲಿಂಗಮ್ಮಾ! ಒಳಗ ಇದ್ದೀ ಅಂತಲ್ಲ ಬೇ, ಕೂಸಿಗಿ ಹಾಲು ಕುಡಸ!"

ನಾಲ್ಕನೆಯ ಮಹಡಿಯಲ್ಲಿ ಗಾರೆಯ ಪುಟ್ಟಿ ಹೊತ್ತ ಯಾರೋ ತಿರುಗಿ ನಿಂತರು. ಮೈತುಂಬ ಸಿಮೆಂಟು. ಗಂಡೋ ಹೆಣ್ಣೋ, ಅಷ್ಟು ದೂರಕ್ಕೆ ತಿಳಿಯಲಿಲ್ಲ.