ತೊಡೆಯಡಿಯ ಕೈ

ಶವಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಎದೆಯ ಮೇಲಿನ ಬಿಳಿ ಸೇವಂತಿಗೆಗಳನ್ನು ಸರಿಸಿ ಮಿನೇ ಡೋಲಿನ ಕೋಲುಗಳೆರಡನ್ನೂ ತುರುಕುತ್ತಿದ್ದಳು. ಅಷ್ಟರಲ್ಲಿ ದೇವಾಲಯದ ಗೋಡೆಯಾಚೆಯ ಕ್ರೀಡಾಂಗಣದಲ್ಲಿ ಸಾವಿರಾರು ಗಂಟಲು ಒಟ್ಟಿಗೆ ಹರಿದವು. ಮಂತ್ರ ಹೇಳುತ್ತಿದ್ದ ಗುರುಗಳ ನಾಲಿಗೆ ಒಮ್ಮೆ ತಡವರಿಸಿ, ಆಮೇಲೆ ಓಡತೊಡಗಿತು.

"ಏನಾಯ್ತು ಮಾಮ?"

ಕುರಾತ ಕಿವಿಯೊಳಗೆ ರೇಡಿಯೋದ ಗುಂಡಿ ಸಿಕ್ಕಿಸಿಕೊಂಡು ಮೇಲೆ ನರೆಗೂದಲು ಎಳೆದುಕೊಂಡಿದ್ದ. ಅಪ್ಪನ ಜೊತೆ ಮರದ ಕಾರ್ಖಾನೆಯಲ್ಲಿ ದುಡಿದವನು, ಜೊತೆಗೇ ಬ್ಯಾಸ್ಕೆಟ್‌ಬಾಲ್ ಆಡಿದವನು. "ತಾಳು, ನನ್ನ ರೇಡಿಯೋ ಗೋಡೆಗಿಂತ ಒಂದು ಉಸಿರು ಹಿಂದೆ... ಹಾಂ! ಮೂರು ಪಾಯಿಂಟ್! ಸಮ ಆಯ್ತು ಕಣೇ!"

"ಕುರಾತ!" ಅಪ್ಪನ ಅಣ್ಣ ಶೋಝೊ ಹಲ್ಲು ಕಡಿದ. "ಇದು ಸಾವಿನ ಮನೆ."

"ಸತ್ತೋನ್ನೇ ಕೇಳಪ್ಪ, ಸ್ಕೋರು ಬೇಕೋ ಬೇಡ್ವೋ ಅಂತ."

ಯಾರೋ ಕಿಸಕ್ಕೆಂದರು. ಮಿನೇಗೂ ನಗು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ನಿನ್ನೆಯೇ ಎಲ್ಲ ಮುಗಿಯುತ್ತಿತ್ತು. ಆದರೆ ನಿನ್ನೆ ಪಂಚಾಂಗದಲ್ಲಿ ಟೊಮೊಬಿಕಿ. ಆ ದಿನ ಸುಟ್ಟರೆ ಹೋಗುವವನು ಗೆಳೆಯರನ್ನೂ ಎಳೆದುಕೊಂಡು ಹೋಗುತ್ತಾನೆಂದು ಚಿತಾಗಾರಕ್ಕೇ ಬೀಗ.

"ನಿನ್ನೆ ಸುಟ್ಟಿದ್ರೆ ನನ್ನನ್ನ ಎಳ್ಕೊಂಡು ಹೋಗ್ತಿದ್ದ," ಕುರಾತ ಪಿಸುಗುಟ್ಟಿದ. "ಇವತ್ತು ಸುಟ್ರೆ ಟೀಮನ್ನೇ ಎಳ್ಕೊಂಡು ಹೋಗ್ತಾನೋ ಏನೋ."

"ಬಾಯಿ ಮುಚ್ಚಿ ಮಾಮ."

ಇವತ್ತು ಸೋತರೆ ಉಮಿನೆಕೊ ತಂಡ ಕೆಳಗಿನ ದರ್ಜೆಗೆ. ಅಲ್ಲಿಗೆ ಬಿದ್ದರೆ ದುಡ್ಡು ಕೊಡುವ ಕಂಪನಿಗಳು ಕೈ ತೊಳೆದುಕೊಳ್ಳುತ್ತವೆ. ಬಂದರಿನ ಕಡಲಹಕ್ಕಿಯ ಹೆಸರಿಟ್ಟುಕೊಂಡ ತಂಡ ಸತ್ತ ಹಾಗೇ.

*

ಹಿಂದೊಮ್ಮೆಯೂ ಸತ್ತಿತ್ತು. ಆಗದು ಮರದ ಕಾರ್ಖಾನೆಯ ತಂಡ. ಮಂಡಿ ಹೋದ ಅಪ್ಪ ಕೆನ್‌ಕಿಚಿ ಆಟ ಬಿಟ್ಟು ಪ್ರೇಕ್ಷಕರ ಮೆಟ್ಟಿಲ ಮೇಲೆ ಡೋಲು ಹಿಡಿದು ಕೂತಿದ್ದ. ಪಕ್ಕದಲ್ಲಿ ಅಮ್ಮನ ಮಡಿಲಲ್ಲಿ ಮಿನೇ. ಕೊನೆಯ ಗಳಿಗೆ. ಕುರಾತನಿಗೆ ಫ್ರೀ ಥ್ರೋ, ಯಾರೂ ಅಡ್ಡ ಬರದ ಎಸೆತ.

ಎದುರಾಳಿ ಎಸೆಯುವಾಗ ಎಷ್ಟು ಬೇಕಾದರೂ ಗದ್ದಲ ಮಾಡಬಹುದು. ನಮ್ಮವನು ಎಸೆಯುವಾಗ ಮಾತ್ರ ಇಡೀ ಊರು ಉಸಿರು ಹಿಡಿಯಬೇಕು. ಹಿಡಿದಿತ್ತು ಕೂಡ. ಕುರಾತ ಚೆಂಡೆತ್ತಿದ. ಗೆದ್ದೇಬಿಟ್ಟೆವು ಎಂಬ ಖುಷಿಗೆ ಕೆನ್‌ಕಿಚಿಯ ಕೈ ತಾನಾಗಿ ಬಿತ್ತು.

ಧಡ್!

ಚೆಂಡು ಉಂಗುರಕ್ಕೆ ಬಡಿದು ಆಚೆ ಹಾರಿತು.

ಮುಂದಿನ ವಾರ ಕಾರ್ಖಾನೆಯವರು ತಂಡ ಮುಚ್ಚಿದರು. ಆಫೀಸಿನಲ್ಲಿ ಬೆಚ್ಚಗೆ ಕೂತವರು ಅದನ್ನು ಎಂದೋ ತೀರ್ಮಾನಿಸಿದ್ದರು. ಬೈಸಿಕೊಳ್ಳಲು ಗರಗಸದ ಕೆಲಸದವನೊಬ್ಬ ಸಿಕ್ಕನಲ್ಲ, ತೆಪ್ಪಗಿದ್ದರು. ಊರು ಅವನಿಗೆ ಹೆಸರಿಟ್ಟಿತು: ಟೀಮ್ ಕೊಂದ ಕೆನ್‌ಕಿಚಿ.

ಅವನು ಡೋಲು ಬೆನ್ನಿಗೆ ಕಟ್ಟಿಕೊಂಡು ಬೀದಿಗಿಳಿದ. ಮೀನು ಮಾರುಕಟ್ಟೆ, ಸ್ನಾನದ ಮನೆ, ಶಾಲೆಯ ಗೇಟು, ಎಲ್ಲಿ ಜನ ಕಂಡರೆ ಅಲ್ಲಿ ಬಡಿದ. "ಕಾರ್ಖಾನೆ ಬಿಟ್ರೆ ಬಿಡ್ಲಿ, ಊರೇ ಸಾಕೋಣ!" ಜೊತೆಗೆ ನಡೆದವನು ಕುರಾತ. ಊರೂ ಬಂತು, ನಿಧಾನಕ್ಕೆ. ಉಮಿನೆಕೊ ಹುಟ್ಟಿತು.

ಅಂದಿನಿಂದ ನಮ್ಮವರ ಫ್ರೀ ಥ್ರೋ ಬಂತೆಂದರೆ ಕೆನ್‌ಕಿಚಿ ಕೋಲು ಕೆಳಗಿಟ್ಟು, ಎರಡೂ ಕೈ ತೊಡೆಯಡಿ ತಳ್ಳಿ, ಅವುಗಳ ಮೇಲೆ ಕೂರುತ್ತಿದ್ದ. ಮೆಲ್ಲಗೆ ಹಿಂದಿನ ಸಾಲಿನವರೂ ಹಾಗೇ ಕೂತರು. ಆಮೇಲೆ ಕ್ರೀಡಾಂಗಣವೆಲ್ಲ.

*

ಶವಪೆಟ್ಟಿಗೆ ಗಾಡಿಯೊಳಗೆ ಸರಿಯಿತು. ಬಂದವರು ಕಪ್ಪು ಬಟ್ಟೆಯಲ್ಲಿ ಸಾಲಾಗಿ ನಿಂತು ಕೈ ಮುಗಿದರು. ಅಮ್ಮ ಎಂದೋ ಹೋಗಿದ್ದಳು. ಎಲ್ಲರ ಪರವಾಗಿ ನಾಲ್ಕು ಮಾತು ಆಡಬೇಕಾದವಳು ಮಿನೇಯೇ.

"ಬಂದಿದ್ದಕ್ಕೆ ಋಣಿ. ಅಪ್ಪ ಸ್ವಲ್ಪ ಅವಸರದಲ್ಲಿದ್ದಾನೆ," ಎಂದು ಬಾಗಿ ನಮಸ್ಕರಿಸಿ, ಅವನ ಫೋಟೋ ತಬ್ಬಿಕೊಂಡು ಡ್ರೈವರ್ ಪಕ್ಕ ಹತ್ತಿದಳು.

"ಇಷ್ಟೇನಾ?" ದೊಡ್ಡಪ್ಪ ಕಿಟಕಿಗೆ ಬಂದ. "ಸರಿ, ಹೊರಡಿ. ಸರದಿ ತಪ್ಪಿದ್ರೆ ಚಿತಾಗಾರದಲ್ಲಿ ಸಂಜೆವರೆಗೂ ಕೂರಬೇಕು."

ಗೋಡೆಯಾಚೆಯ ಗದ್ದಲ ಕತ್ತರಿಸಿದಂತೆ ನಿಂತಿತು.

ಮಿನೇಯ ಬೆನ್ನು ನೆಟ್ಟಗಾಯಿತು. ಈ ಮೌನ ಅವಳಿಗೆ ಗೊತ್ತು.

ಕುರಾತ ಓಡಿಬಂದ. "ಒಂದು ಪಾಯಿಂಟು ಹಿಂದೆ! ನಮ್ಮ ಸುಗಾವಾಗೆ ಎರಡು ಫ್ರೀ ಥ್ರೋ! ಎರಡೂ ಬೀಳಬೇಕು!"

ಡ್ರೈವರ್‌ನ ಬಿಳಿ ಕೈಗವಸು ಹಾರನ್ ಕಡೆ ಹೋಗುತ್ತಿತ್ತು. ಶವದ ಗಾಡಿ ಹೊರಡುವಾಗ ಉದ್ದಕ್ಕೆ ಒಮ್ಮೆ ಊದಲೇಬೇಕು, ಅದೇ ವಿದಾಯ. ಬೇಸಿಗೆಯೆಂದು ಕ್ರೀಡಾಂಗಣದ ಕಿಟಕಿಗಳೆಲ್ಲ ತೆರೆದಿದ್ದವು.

"ಊದಬೇಡಿ!"

"ಏನಮ್ಮ?"

"ಕೈ ತೊಡೆ ಕೆಳಗಿಡ್ರೀ! ಎರಡೂ!"

ಡ್ರೈವರ್ ಹುಚ್ಚಿಯನ್ನು ನೋಡಿದಂತೆ ನೋಡಿ, ಹಿರಿಯರ ಕಡೆ ತಿರುಗಿದ. ಶೋಝೊ ಗೋಡೆ ನೋಡಿದ, ತಮ್ಮನ ಫೋಟೋ ನೋಡಿದ.

"ಹೇಳಿದ್ದು ಕೇಳಿಸ್ಲಿಲ್ವೇನಯ್ಯಾ?" ಎಂದ ತಗ್ಗಿದ ದನಿಯಲ್ಲಿ. "ಕೂತ್ಕೋ ಕೈ ಮೇಲೆ!"

ಡ್ರೈವರ್ ಕೂತ. ಕಪ್ಪು ಸಾಲಿನಲ್ಲಿ ಮುಗಿದ ಕೈಗಳು ಬಿಗಿದವು. ಗುರುಗಳು ಜಪಮಣಿಯನ್ನು ಮುಷ್ಟಿಯೊಳಗೆ ಅದುಮಿದರು, ಸದ್ದಾಗದಂತೆ.

ಗೋಡೆಯಾಚೆ ಕೂಗು ಸಿಡಿಯಿತು. ಒಂದು ಬಿತ್ತು!

ಮತ್ತೆ ಮೌನ. ಅಪ್ಪನ ಕೊನೆಯ ಸದ್ದು, ಆ ಹಾರನ್, ಈ ಕ್ಷಣಕ್ಕೆ ಬಿದ್ದಿದ್ದರೆ! ಮಿನೇ ಫೋಟೋದ ಅಂಚನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಳು. ಡ್ರೈವರ್‌ನ ಹಣೆಯಿಂದ ಬೆವರು ಮೂಗಿಗಿಳಿದು ತೂಗುತ್ತಿತ್ತು. ಒರೆಸಲು ಅವನಿಗೆ ಕೈಯಿರಲಿಲ್ಲ.

ಗೋಡೆ ಮತ್ತೆ ಸಿಡಿಯಿತು. ಒಂದು ಉಸಿರು ತಡವಾಗಿ ಕುರಾತ ನೆಲ ಬಿಟ್ಟು ಎಗರಿದ. "ಬಿತ್ತು! ಮುಂದೆ ಇದ್ದೀವಿ! ಎರಡು ಸೆಕೆಂಡು ಬಾಕಿ, ಚೆಂಡು ಅವರ ಕೈಗೆ!"

ಚೆಂಡು ಅವರ ಕೈಗೆ! ಈಗ ಎಷ್ಟು ಗದ್ದಲವಾದರೂ ಒಳ್ಳೆಯದೇ!

"ಊದ್ರೀ!" ಮಿನೇ ಕಿರುಚಿದಳು. "ಈಗ ಊದ್ರೀ!"

ಡ್ರೈವರ್ ಎರಡೂ ಕೈ ಎಳೆದು ಹಾರನ್ ಮೇಲೆ ಮೈಯೆಲ್ಲ ಹಾಕಿದ. ದೇವಾಲಯದ ಸೂರಿನಿಂದ ಕಡಲಹಕ್ಕಿಗಳು ಎದ್ದವು. ಹಾರನ್ ಗೋಡೆ ಹಾರಿ, ಕಿಟಕಿ ನುಗ್ಗಿ, ನಿಲ್ಲದೆ ಕೂಗಿತು. ಒಳಗೆ ಆಟ ಮುಗಿದ ಭೋಂಕಾರ ಕೇಳಿ, ಊರಿಗೆ ಊರೇ ಕುಣಿದ ಸದ್ದು ನೆಲದಲ್ಲಿ ನಡುಗುವ ತನಕ ಅವನು ಕೈ ತೆಗೆಯಲಿಲ್ಲ.

ಗಾಡಿ ಹೊರಟಿತು. ಪಕ್ಕದ ಕನ್ನಡಿಯಲ್ಲಿ ದೊಡ್ಡಪ್ಪ ಚಿಕ್ಕದಾಗುತ್ತಿದ್ದ. ಮುಗಿದ ಕೈ ಬಿಡದೆ, ಮುಖದ ಗಂಟು ಸಡಿಲಿಸದೆ, ಕಪ್ಪು ಬೂಟಿನಲ್ಲಿ ಎಗರಿ ಎಗರಿ ಕುಣಿಯುತ್ತಿದ್ದ.