ಹೆಜ್ಜೇನಿನ ಹಗ್ಗ

ನಮ್ಮ ಕುಲದಲ್ಲಿ ಹೆಜ್ಜೇನು ಕೀಳಲು ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ. ಒಡಹುಟ್ಟಿದವಳ ತಾಳಿ ತನ್ನ ಕೈಯಲ್ಲಿದೆ ಎಂದು ಗೊತ್ತಿದ್ದವನು ಏನೇ ಆದರೂ ಹಗ್ಗ ಬಿಡುವುದಿಲ್ಲ. ಸೂಳೆಕೆರೆ ಗುಡ್ಡದಲ್ಲಿ ನಮ್ಮ ಅಜ್ಜಂದಿರು ಮಾಡಿಟ್ಟ ಕಟ್ಟಳೆ ಇದು. ಇಂಥ ಬುದ್ಧಿ ಯಾವ ಎಂಜಿನಿಯರಿಗೂ ಹೊಳೆದಿಲ್ಲ ಎಂದು ಇವತ್ತು ಎದೆ ತಟ್ಟಿ ಹೇಳುತ್ತೇನೆ. ಆಗ ಹೇಳುತ್ತಿರಲಿಲ್ಲ.

ಆಗ ಅಂದರೆ ಐವತ್ತೆಂಟನೇ ಇಸವಿ. ದಾವಣಗೆರೆಯ ಒಂದು ಹತ್ತಿ ಗಿರಣಿಗೆ ಸೇರಿ ಮೂರು ವರ್ಷವಾಗಿತ್ತು. ಎಣ್ಣೆ ಹಚ್ಚಿ ಕ್ರಾಪು ಬಾಚಿಕೊಂಡು, ನಾನು ಭಾನುವಳ್ಳಿಯ ರೈತನ ಮಗ ಎಂದು ಎಲ್ಲರನ್ನೂ ನಂಬಿಸಿದ್ದೆ. ಗುಡ್ಡದವನೆಂದು ತಿಳಿದರೆ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುವವರು ಎದ್ದು ಹೋದಾರೆಂಬ ಹೆದರಿಕೆ. ನಮ್ಮ ಪಾಳಿಯ ಆಳುಗಳನ್ನು ನೋಡಿಕೊಳ್ಳುವ ಜಾಬರ್ ತೋಟಪ್ಪನವರಿಗಂತೂ ಗುಡ್ಡಪ್ಪನೆಂಬ ನನ್ನನ್ನು ಕಂಡರೆ ಬಲು ಪ್ರೀತಿ. ಸುಳ್ಳು ಹೇಳಿ ಗಳಿಸಿದ ಪ್ರೀತಿ, ಅಷ್ಟೇ.

ಒಂದು ಸಂಜೆ ಪಾಳಿ ಬಿಟ್ಟಾಗ ಗೇಟಿನಲ್ಲಿ ನನ್ನಕ್ಕ ಓಬವ್ವನ ಗಂಡ ಉಚ್ಚೆಂಗಪ್ಪ ನಿಂತಿದ್ದ. ಹೆಗಲ ಮೇಲೆ ಹಗ್ಗದ ಸುರುಳಿ, ಮೈಯೆಲ್ಲ ಹೊಗೆ ವಾಸನೆ. ತೋಟಪ್ಪನವರು ನನ್ನ ಪಕ್ಕದಲ್ಲೇ ಇದ್ದರು.

"ಯಾರಪಾ ಇವ್ರು?" ಎಂದು ಕೇಳಿದರು.

"ಯಾರೋ ನಮ್ಮೂರ ಕಡೆಯೋರು," ಎಂದೆ.

ಭಾವನಿಗೆ ಅದು ಚೆನ್ನಾಗಿಯೇ ಕೇಳಿಸಿತ್ತು. ತೋಟಪ್ಪನವರು ಅತ್ತ ಹೋದಮೇಲೆ ಹೇಳಿದ. "ಹರಿಹರದ ಸೇತುವೆ ಕೆಳಗ ಹೆಜ್ಜೇನು ಕಟ್ಟೈತೆ. ರಿಪೇರಿ ಕೆಲ್ಸದೋರಿಗೆ ಕಡೀತಾವಂತ. ನಾಳೆ ಬೆಳಿಗ್ಗೆ ನಾ ಇಳೀದಿದ್ರೆ ಸೀಮೆಎಣ್ಣಿ ಹಾಕಿ ಸುಡ್ತಾರ. ನೀ ಬರಬೇಕು."

"ಅಲ್ಲಿ ಹತ್ತು ಮಂದಿ ಕೂಲಿಯೋರು ಇರ್ತಾರಲ್ಲ ಭಾವ. ಅವ್ರೇ ಹಿಡೀಲಿ ಬಿಡು."

"ಅವ್ರ ಅಕ್ಕನ್ನ ನಾ ಮದ್ವಿ ಆಗಿಲ್ಲ," ಎಂದವನೇ ಹೊರಟುಬಿಟ್ಟ.

ಮಾರನೆಯ ದಿನ ಹರಿಹರಕ್ಕೆ ಬೆಳಗಿನ ಮೊದಲ ರೈಲು ಹಿಡಿದೆ. ಯಾರ ಕಣ್ಣಿಗೂ ಬೀಳದೆ ಕೆಲಸ ಮುಗಿಸಿ ಪಾಳಿಗೆ ವಾಪಸಾದರೆ ಸಾಕಾಗಿತ್ತು.

ಮೇಸ್ತ್ರಿ ಹಯಾತ್ ಸಾಬ್ ಸೇತುವೆಯ ಎರಡೂ ಕಡೆ ಗಾಡಿಗಳನ್ನು ನಿಲ್ಲಿಸಿದ್ದರು. ಭಾವ ಸೊಂಟಕ್ಕೆ ಹಗ್ಗ ಬಿಗಿದು, ಹಸಿ ಸೊಪ್ಪಿನ ಹೊಗೆಸೂಡಿ ಹಿಡಿದು ಕೆಳಗಿಳಿದ. ನಾನು ತಡೆಗೋಡೆಗೆ ಕಾಲು ಕೊಟ್ಟು ನಿಂತೆ. ಅವನ ಕೆಲಸವನ್ನು ನೀವು ನೋಡಬೇಕಿತ್ತು. ಹೊಗೆ ತೋರಿಸಿ, ಹುಳುಗಳು ಸರಿಯುವವರೆಗೆ ಕಾದು, ಜೇನುಹುಟ್ಟನ್ನು ಸ್ವಲ್ಪಸ್ವಲ್ಪವೇ ಕೊಯ್ದ. ಗುಂಪು ಮೆಲ್ಲಗೆ ಎದ್ದು ಹೊಳೆಯಾಚೆಯ ಮರಗಳ ಕಡೆ ಹೊರಟಿತು. ಒಂದಷ್ಟು ಮಾತ್ರ ಮೇಲೆ ಬಂದು ನನ್ನ ಮುಖವನ್ನು ವಿಚಾರಿಸಿಕೊಂಡವು.

ಅಷ್ಟರಲ್ಲಿ ರಾಣೆಬೆನ್ನೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಮದುವೆಗೆ ಹೊರಟಂತೆ ಜರಿ ರುಮಾಲು ಸುತ್ತಿದ್ದ ತೋಟಪ್ಪನವರು ಅದರಿಂದಿಳಿದು, ಹಯಾತ್ ಸಾಬ್ ಬ್ಯಾಡ ಬ್ಯಾಡ ಎಂದರೂ ಕೇಳದೆ, ಏನು ನಡೆದಿದೆ ಎಂದು ನೋಡಲು ನಮ್ಮ ಕಡೆಗೇ ನಡೆದು ಬಂದರು.

ಪಕ್ಕದಲ್ಲಿ ಕಂಬಳಿ ಹೊದ್ದು ನಿಂತಿದ್ದ ಕೂಲಿಯವನು ಕೈ ಚಾಚಿದ. "ಮಾರಿ ತುಂಬ ಹುಳ ಕೂತಾವ. ಕೊಡ್ರಿ, ಒಂದ್ ಗಳಿಗಿ ನಾ ಹಿಡೀತೀನಿ."

ಹಗ್ಗ ಕೊಟ್ಟು, ಅಲ್ಲೇ ನಿಂತಿದ್ದ ಜಲ್ಲಿ ಲಾರಿಯ ಹಿಂದೆ ತೋಟಪ್ಪನವರಿಗೆ ಕಾಣದಂತೆ ಸರಿದಿದ್ದರೆ ಮುಗಿಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಹಿಡಿತ ಸಡಿಲವಾಯಿತು. ಹಗ್ಗ ಒಂದು ಗೇಣು ಜಾರಿತು. ಕೆಳಗೆ ತೂಗುತ್ತಿದ್ದ ಭಾವ ಕೂಗಲಿಲ್ಲ. ಮೇಲೆ ಬೇರೆಯವನಿದ್ದಿದ್ದರೆ ಖಂಡಿತ ಕೂಗುತ್ತಿದ್ದ. ಇರುವುದು ನಾನು ಎಂದು ಸುಮ್ಮನಿದ್ದ. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಬ್ಯಾಡ," ಎಂದೆ ಕೂಲಿಯವನಿಗೆ. "ಇದು ನಾನೇ ಹಿಡೀಬೇಕಾದ್ದು."

ತೋಟಪ್ಪನವರು ಹತ್ತಿರ ಬಂದು ದಂಗಾಗಿ ನಿಂತರು. "ಗುಡ್ಡಪ್ಪ? ನೀನೇನಪಾ ಇಲ್ಲಿ? ಕೆಳಗ ಯಾರು?"

"ನಮ್ಮ ಭಾವ," ಎಂದೆ, ಸೇತುವೆಯ ಕೆಳಗೂ ಕೇಳಲೆಂದು ಗಟ್ಟಿಯಾಗಿಯೇ. "ನಿನ್ನೆ ಗೇಟಿನಾಗ ನೋಡಿದ್ರಲ್ಲ, ಅವ್ರೇ. ನಮ್ಮಕ್ಕನ ಗಂಡ. ನಾವು ಸೂಳೆಕೆರೆ ಗುಡ್ಡದಾಗ ಜೇನು ಕೀಳೋ ಜನ, ಯಜಮಾನ್ರೆ. ಭಾನುವಳ್ಳಿಯಾಗ ನಮಗ ಒಂದ್ ಗೇಣು ಹೊಲನೂ ಇಲ್ಲ."

ಅವರು ತಡೆಗೋಡೆಯಿಂದ ಬಗ್ಗಿ ಕೆಳಗೆ ತೂಗುತ್ತಿದ್ದ ಮನುಷ್ಯನನ್ನು ನೋಡಿದರು, ಆಮೇಲೆ ನನ್ನ ಕೈಗಳನ್ನು ನೋಡಿದರು. ನಾಳೆ ಗಿರಣಿಯಲ್ಲಿ ನನ್ನ ಪಕ್ಕ ಯಾರು ಕೂರುತ್ತಾರೋ ಗೊತ್ತಿರಲಿಲ್ಲ.

"ಎಳಿಯೋ," ಎಂದ ಭಾವ ಕೆಳಗಿನಿಂದ.

ಮೂಗಿನ ಮೇಲೆ ಕೂತ ಹುಳುವನ್ನು ಓಡಿಸಲೂ ಕೈ ಬಿಡಲಿಲ್ಲ. ಬೇಗ ಎಳೆಯಬಹುದಿತ್ತು. ಆದರೆ ಬಸ್ಸಿನವರೂ ಲಾರಿಯವರೂ ಎಲ್ಲರೂ ಕಣ್ತುಂಬ ನೋಡಲಿ ಎಂದು, ನನ್ನ ಭಾವನನ್ನು ನಿಧಾನವಾಗಿ ಮೇಲಕ್ಕೆ ತಂದೆ.