ರೇಂಜ್ ಸಿಗುವ ಕಲ್ಲು

"ಮ್ಯಾಪ್ ಹೇಳಿದಲ್ಲಿಗೇ ಬಂದಿದ್ದೇನೆ ಅಶೋಕಣ್ಣ. ಇಲ್ಲಿ ಮನೆ ಎಲ್ಲುಂಟು? ಒಂದು ದೊಡ್ಡ ಕಲ್ಲು, ಸುತ್ತ ರಬ್ಬರ್ ತೋಟ, ಅಷ್ಟೇ."

ಆಂಬುಲೆನ್ಸ್ ಚಾಲಕ ನವಾಝನ ಮಾತು ಕೇಳಿ, ಮಡಂತ್ಯಾರು ಪೇಟೆಯ ತನ್ನ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದ ಅಶೋಕ ಓಡುತ್ತಿದ್ದ ಯಂತ್ರವನ್ನು ನಿಲ್ಲಿಸಿದ. ಕಲ್ಲು ಎಂದ ಕೂಡಲೇ ಅವನಿಗೆ ಎಲ್ಲ ಗೊತ್ತಾಗಿಹೋಗಿತ್ತು.

ಅರ್ಧ ಗಂಟೆಯ ಹಿಂದೆ ಅವನ ಊರಿನ ರುಕ್ಮಯ್ಯನ ಮಗಳು ಕಾಂತಿ ಅದೇ ಕಲ್ಲು ಹತ್ತಿ ಅವನಿಗೆ ಫೋನ್ ಮಾಡಿದ್ದಳು. "ಅಶೋಕಣ್ಣ, ಅಪ್ಪನ ಬಾಯಿ ಒಂದು ಬದಿಗೆ ವಾಲಿದೆ, ಮಾತು ಬರುವುದಿಲ್ಲ, ಬೇಗ ಆಂಬುಲೆನ್ಸ್ ಕಳಿಸಿ" ಎಂದವಳು ಅಪ್ಪನ ಬಳಿಗೆ ಕೆಳಗೆ ಓಡಿದ್ದಳು. ಅವರ ಮನೆಗಳಿರುವ ತಗ್ಗಿನಲ್ಲಿ ರೇಂಜ್ ಎಂಬುದಿಲ್ಲ. ಅಶೋಕ ನವಾಝನಿಗೆ ಫೋನ್ ಮಾಡಿ, ರುಕ್ಮಯ್ಯನ ಮನೆಯ ಮ್ಯಾಪ್ ಕಳಿಸಿ, ಒಂದೇ ನಿಮಿಷದಲ್ಲಿ ಕೆಲಸವಾಯಿತೆಂದು ಉಸಿರು ಬಿಟ್ಟಿದ್ದ.

ಆ ಮ್ಯಾಪಿಗೆ ಮನೆಗಳನ್ನು ಹಾಕಿದವನೂ ಅವನೇ. ಗ್ಯಾಸಿನವರಿಗೆ, ಕೊರಿಯರಿನವರಿಗೆ ದಾರಿ ಸಿಗಲೆಂದು ಕಳೆದ ವರ್ಷ ಒಂದು ಭಾನುವಾರ ಹೊರಟಿದ್ದ. ನಮ್ಮ ಬುದ್ಧಿವಂತ ಮಾಡಿದ್ದೇನು? ಮನೆಮನೆಗೆ ಹೋಗದೆ ರೇಂಜ್ ಸಿಗುವ ಕಲ್ಲಿನ ಮೇಲೆ ಕುಳಿತು, 'ನಾನಿರುವ ಜಾಗ' ಎಂದು ಒತ್ತಿ, ಒಂದೊಂದೇ ಹೆಸರು ಬರೆದ. ಹದಿಮೂರು ಮನೆಗಳೂ ಆ ಒಂದು ಕಲ್ಲಿನ ಮೇಲೆ ಬಂದು ಕುಳಿತವು.

ರುಕ್ಮಯ್ಯ ಆಗಲೇ ನಕ್ಕಿದ್ದರು. ಮೂವತ್ತೈದು ವರ್ಷ ಅಂಚೆ ಹಂಚಿದವರು ಅವರು. "ಮೆಟ್ಟಿಲು ಮುಟ್ಟದೆ ನಾನು ಒಂದು ಕಾಗದ ಕೊಟ್ಟವನಲ್ಲ ಮಾರಾಯ. ನೀನು ಕಲ್ಲಿನ ಮೇಲೆ ಕೂತು ಊರಿಡೀ ಹಂಚಿದ್ದೀಯಲ್ಲ!"

"ಸರಿ ಮಾಡ್ತೇನೆ ರುಕ್ಮಯ್ಯಣ್ಣ, ನಾಳೆಯೇ."

ಆ ನಾಳೆ ಬರಲೇ ಇಲ್ಲ. ಗ್ಯಾಸಿನವನು ಎರಡು ಸಲ ಬೈದ, ಊರವರು ತಮಾಷೆ ಮಾಡಿದರು, ಅಶೋಕನೂ ಜೊತೆಗೆ ನಕ್ಕ.

ಕಲ್ಲಿನಿಂದ ಮನೆಗೆ ಇಳಿಯಲು ಕಡಿದಾದ ಕಾಲುದಾರಿ ಮಾತ್ರ. ನವಾಝ್ ಗಾಡಿ ತಿರುಗಿಸಿ, ಮುಖ್ಯರಸ್ತೆಗೆ ಹೋಗಿ, ಕೆಳಗಿನ ದಾರಿಯಿಂದ ಸುತ್ತಿ ಬರುವಾಗ ಮತ್ತೆ ನಲವತ್ತು ನಿಮಿಷ ಕಳೆದಿತ್ತು. ಆಸ್ಪತ್ರೆಯಲ್ಲಿ, ಸ್ವಲ್ಪ ಮೊದಲೇ ತಂದಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಅಶೋಕ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಜೀವ ಉಳಿಯಿತು. ಮಾತು ಹೋಯಿತು, ಬಲಗೈಯೂ ಹೋಯಿತು.

ಅದೇ ಸಂಜೆ ಅವನು ಫೋನಿನಲ್ಲಿ ಹದಿಮೂರು ಮನೆಗಳನ್ನೂ ಬೆರಳಿನಿಂದ ಎಳೆದು ಅವುಗಳ ಜಾಗದಲ್ಲಿಟ್ಟ. ಹಿಡಿದದ್ದು ಇಪ್ಪತ್ತು ನಿಮಿಷ. ಅಯ್ಯೋ, ಬರೀ ಇಪ್ಪತ್ತು ನಿಮಿಷ! ಅಂಗಡಿಯ ಶಟರ್ ಎಳೆದುಕೊಂಡು ಅವನು ಗಳಗಳ ಅತ್ತ.

ಈಗ ದಿನಾ ಸಂಜೆ ರುಕ್ಮಯ್ಯನ ಅಂಗಳಕ್ಕೆ ಬರುತ್ತಾನೆ. ತಪ್ಪು ತನ್ನದೆಂದು ಕಾಂತಿಯ ಹತ್ತಿರ ಹೇಳಿದ್ದಾನೆ. ಅವಳು ಬೈಯಲಿಲ್ಲ, ಚಾ ಕೊಟ್ಟಳು. ರುಕ್ಮಯ್ಯನ ಹತ್ತಿರ ಮಾತ್ರ ಇನ್ನೂ ಹೇಳಲಾಗಿಲ್ಲ.

ಮೊನ್ನೆ ಅವನು ಅಂಗಳದಲ್ಲಿರುವಾಗಲೇ ಕೊರಿಯರಿನವನೊಬ್ಬ ಬೈಕು ನಿಲ್ಲಿಸಿದ. "ಸುಬ್ಬಯ್ಯನವರ ಮನೆ ಎಲ್ಲಿ ಅಜ್ಜ? ಫೋನು ಮೇಲಿನ ಕಲ್ಲನ್ನೇ ತೋರಿಸ್ತದೆ." ರೇಂಜ್ ಇಲ್ಲದ ಅವನ ಫೋನಿನಲ್ಲಿ ಅಶೋಕ ಸರಿಮಾಡುವ ಮೊದಲಿನ ಹಳೆಯ ಮ್ಯಾಪೇ ಉಳಿದಿತ್ತು.

ಕುರ್ಚಿಯಲ್ಲಿದ್ದ ರುಕ್ಮಯ್ಯನ ಬಾಯಿ ಆಡಿತು, ಸ್ವರ ಮಾತಾಗಲಿಲ್ಲ. ಎಡಗೈ ಮೆಲ್ಲಗೆ ಎದ್ದಿತು. ಅಂಗಳದಾಚೆ ಹರಿಯುವ ತೋಡಿನ ಕಡೆಗೆ ತೋರಿಸಿತು, ಎಡಕ್ಕೆ ಹೊರಳಿತು, ಎರಡು ಬೆರಳು ನಿಂತವು. ಕೊರಿಯರಿನವನು ಏನೂ ತಿಳಿಯದೆ ಅಶೋಕನ ಮುಖ ನೋಡಿದ.

"ತೋಡು ದಾಟಿ," ಅಶೋಕ ಆ ಕೈಯನ್ನೇ ನೋಡುತ್ತ ಹೇಳಿದ, "ಎಡಕ್ಕೆ ಹೋಗಿ. ಎರಡನೇ ಮನೆ."

ರುಕ್ಮಯ್ಯ ತಲೆಯಾಡಿಸಿದರು. ಬೈಕು ಹೋಯಿತು.

"ರುಕ್ಮಯ್ಯಣ್ಣ, ಆ ದಿನ ನಾನು..." ಎಂದು ಅಶೋಕ ಬಾಯಿ ತೆರೆದ. ಎಡಗೈ ಮತ್ತೊಮ್ಮೆ ಎದ್ದಿತು. ಅವನ ಜೇಬಿನ ಫೋನಿನ ಕಡೆಗೊಮ್ಮೆ ತೋರಿಸಿ, ಆಮೇಲೆ ಕುರ್ಚಿಯ ಮುಂದಿನ ಮೆಟ್ಟಿಲನ್ನು ತೋರಿಸಿ, ಇನ್ನಾದರೂ ಮೆಟ್ಟಿಲು ಮುಟ್ಟಿ ಹಂಚು ಮಾರಾಯ ಎಂಬಂತೆ ಅಲ್ಲೇ ನಿಂತಿತು.